ಮಂಗಳಕ್ಕೂ ಗುರುವಿಗೂ ನಡುವೆ

ವೇದಿಕೆಯ ಅತಿ ಎತ್ತರದ ಕುರ್ಚಿಯನ್ನು ಅಲಂಕರಿಸಿರುವ ಆಡಳಿತ ಮಂಡಳಿಯ ಮಾನ್ಯ ಅಧ್ಯಕ್ಷರೇ, ನನ್ನ ಲೆಕ್ಕಗಳನ್ನು ಒಂದು ಕಾಲದಲ್ಲಿ ತಳ್ಳಿಹಾಕಿ ಇನ್ನೊಂದು ಕಾಲದಲ್ಲಿ ತಲೆದೂಗಿದ ಮುಖ್ಯ ಅತಿಥಿಗಳಾದ ವೀಕ್ಷಣಾಲಯದ ಪ್ರೊಫೆಸರರೇ, “ಚುಟುಕಾಗಿ ಮುಗಿಸಿ ಮೇಡಂ” ಎಂದು ಈಗಷ್ಟೇ ನನ್ನ ಕಿವಿಯಲ್ಲಿ ದೀರ್ಘವಾಗಿ ಹೇಳಿದ ಪ್ರಾಂಶುಪಾಲರೇ, ಸಹೋದ್ಯೋಗಿಗಳೇ, ಹಾಜರಾತಿಯ ಭಯದಿಂದ ಬಂದು ಕುಳಿತಿರುವ ವಿದ್ಯಾರ್ಥಿಗಳೇ, ಚಹಾದ ಆಸೆಯಿಂದ ಕುಳಿತೇ ಇರುವ ಸಭಿಕರೇ, ಮತ್ತು ಮುಂದಿನ ಸಾಲಿನ ತುದಿಯಲ್ಲಿ, ಬೇಕಾದಾಗ ಎದ್ದು ಹೋಗಲು ಅನುಕೂಲವಾಗಲೆಂದು ಬಾಗಿಲಿಗೆ ಹತ್ತಿರವಾಗಿ ಕುಳಿತಿರುವ ನನ್ನ ಅತ್ತೆಯವರೇ,

ಇವತ್ತಿನ ಆಹ್ವಾನ ಪತ್ರಿಕೆಯಲ್ಲಿ ‘ಸನ್ಮಾನ ಹಾಗೂ ನಾಮಕರಣ’ ಎಂದು ಅಚ್ಚಾಗಿದೆ. ಸನ್ಮಾನ ಆಯಿತು. ಹೂಗುಚ್ಛ ಕೊಟ್ಟಿರಿ, ನನ್ನಲ್ಲಿ ಇಲ್ಲದ ಗುಣಗಳನ್ನೆಲ್ಲ ಹುಡುಕಿ ಹುಡುಕಿ ಹೇಳಿದಿರಿ. ಆಕಾಶದಲ್ಲಿ ಇಲ್ಲದ್ದನ್ನು ಹುಡುಕಿ ಹೇಳಿದರೆ ನಮ್ಮ ವಿಷಯದಲ್ಲಿ ಅದನ್ನು ತಪ್ಪು ಎನ್ನುತ್ತಾರೆ. ಸಭೆಯಲ್ಲಿ ಅಭಿನಂದನೆ ಎನ್ನುತ್ತಾರೆ. ಉಳಿದದ್ದು ನಾಮಕರಣ. ನನ್ನ ಬೆನ್ನ ಹಿಂದೆ ನೀಲಿ ಬಟ್ಟೆ ಹೊದ್ದ ಒಂದು ಫಲಕ ನಿಂತಿದೆ. ಅದರಿಂದ ಒಂದು ಹಗ್ಗ ಇಳಿದಿದೆ. ಮಾತು ಮುಗಿದ ಕೂಡಲೇ ನಾನು ಹಗ್ಗ ಎಳೆಯಬೇಕು, ಬಟ್ಟೆ ಬೀಳಬೇಕು, ನಾನು ಕಂಡುಹಿಡಿದ ಕ್ಷುದ್ರಗ್ರಹಕ್ಕೆ ಈ ಕಾಲೇಜಿನ ಸಂಸ್ಥಾಪಕರೂ ಅಧ್ಯಕ್ಷರ ತಂದೆಯವರೂ ಆದ ಹಿರಿಯರ ಹೆಸರು ಬಂತೆಂದು ನೀವೆಲ್ಲ ಚಪ್ಪಾಳೆ ತಟ್ಟಬೇಕು. ಕಾರ್ಯಕ್ರಮ ಹಾಗಿದೆ.

ಕಾರ್ಯಕ್ರಮದಲ್ಲಿ ಒಂದು ಸಣ್ಣ ಬದಲಾವಣೆ ಇದೆ. ನಾನು ಹಗ್ಗ ಎಳೆಯುವುದಿಲ್ಲ.

ಪ್ರಾಂಶುಪಾಲರು ದಯವಿಟ್ಟು ಕುಳಿತುಕೊಳ್ಳಬೇಕು. ಇದನ್ನು ನಿಮಗೆ ಕಳೆದ ತಿಂಗಳೂ ಹೇಳಿದ್ದೆ, ಕಳೆದ ವಾರವೂ ಹೇಳಿದ್ದೆ. ನೀವು “ಆಗಲಿ ಮೇಡಂ, ನೋಡೋಣ” ಎಂದಿರಿ. ಆಡಳಿತದ ಭಾಷೆಯಲ್ಲಿ ‘ನೋಡೋಣ’ ಎಂದರೆ ನೋಡುವುದಿಲ್ಲ ಎಂದರ್ಥ. ನಾನು ನೋಡುವ ಕೆಲಸದಲ್ಲಿ ಇಷ್ಟು ವರ್ಷ ಕಳೆದವಳು. ಆದ್ದರಿಂದ ಯಾಕೆ ಎಳೆಯುವುದಿಲ್ಲ ಎಂಬುದನ್ನು ಎಲ್ಲರೆದುರಿಗೆ ಹೇಳಿಯೇ ಇಳಿಯುತ್ತೇನೆ.

ಮೊದಲು ವಿಷಯಕ್ಕೆ ಬರೋಣ. ಮಂಗಳ ಗ್ರಹಕ್ಕೂ ಗುರು ಗ್ರಹಕ್ಕೂ ನಡುವೆ ಬಹಳ ದೊಡ್ಡ ಖಾಲಿ ಜಾಗವಿದೆ. ಖಾಲಿ ಎಂದರೆ ನಮ್ಮ ಸ್ಟಾಫ್ ರೂಮಿನ ಹಾಗೆ ಖಾಲಿ: ಬಾಗಿಲಲ್ಲಿ ನಿಂತು ನೋಡಿದರೆ ಯಾರೂ ಇಲ್ಲ, ಒಳಗೆ ಹೋಗಿ ಹುಡುಕಿದರೆ ಮೂಲೆಗೊಬ್ಬರು ತೂಕಡಿಸುತ್ತಿರುತ್ತಾರೆ. ಅಲ್ಲಿ ಲಕ್ಷಾಂತರ ಬಂಡೆಗಳು ತಮ್ಮ ಪಾಡಿಗೆ ಸೂರ್ಯನನ್ನು ಸುತ್ತುತ್ತಿವೆ. ಆ ಜಾಗಕ್ಕೆ ಮುಖ್ಯ ಪಟ್ಟಿ ಎಂದು ಹೆಸರು. ಅಲ್ಲಿರುವವರಿಗೆ ಕ್ಷುದ್ರಗ್ರಹಗಳು ಎಂದು ಹೆಸರು. ಮುಖ್ಯ ಪಟ್ಟಿಯಲ್ಲಿದ್ದೂ ಕ್ಷುದ್ರರಾಗಿರುವುದು ಆಕಾಶದಲ್ಲಿ ಮಾತ್ರ ಸಾಧ್ಯ ಎಂದು ತಿಳಿಯಬೇಡಿ. ಆಹ್ವಾನ ಪತ್ರಿಕೆಗಳಲ್ಲೂ ಸಾಧ್ಯವಿದೆ.

ಈ ಹೆಸರನ್ನು ಮೊದಲ ಸಲ ಕೇಳಿದಾಗ ನನ್ನ ಅತ್ತೆ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟರು.

“ಕ್ಷುದ್ರ ಅಂತ ಗೊತ್ತಿದ್ದೂ ಅದನ್ನ ಯಾಕೇ ಮನೆಗೆ ತರ್ತೀಯಾ?”

“ಮನೆಗೆ ತರಲ್ಲ ಅತ್ತೆ. ಅದು ಅಲ್ಲೇ ಇರುತ್ತೆ.”

“ಅಲ್ಲೇ ಅಂದ್ರೆ ಎಲ್ಲಿ?”

“ಮಂಗಳಕ್ಕೂ ಗುರುವಿಗೂ ನಡುವೆ.”

ಅತ್ತೆ ಬೆರಳು ಮಡಚಿ ಎಣಿಸಿದರು. “ಅಂದ್ರೆ ಬುಧವಾರ ಸಿಗುತ್ತೆ ಅನ್ನು.”

ನಗಿ, ನಗಿ. ಆದರೆ ಈ ಬುಧವಾರವನ್ನು ನೆನಪಿಟ್ಟುಕೊಳ್ಳಿ. ಅದು ಮುಂದೆ ಬಂದು ನನ್ನ ಕುತ್ತಿಗೆಗೇ ಕೂರುತ್ತದೆ.

ನಮ್ಮ ಮನೆಯ ಮಹಡಿಯ ಮೇಲೆ, ನೀರಿನ ತೊಟ್ಟಿಯ ಪಕ್ಕದಲ್ಲಿ, ಒಂದು ಪುಟ್ಟ ಕೋಣೆ ಇದೆ. ಅದರ ತಗಡಿನ ಸೂರು ಎರಡು ಕಂಬಿಗಳ ಮೇಲೆ ಪಕ್ಕಕ್ಕೆ ಜಾರುತ್ತದೆ. ಜಾರಿದರೆ ಆಕಾಶ, ಜಾರದಿದ್ದರೆ ಎಣ್ಣೆ ಡಬ್ಬಿ ಹಿಡಿದು ಏಣಿ ಹತ್ತಬೇಕು. ಆ ಸೂರು ಹಾಕಿಸಿದವರು ನನ್ನ ಯಜಮಾನರು. ಅವರು ದಿನಪತ್ರಿಕೆಯ ಮುದ್ರಣಾಲಯದಲ್ಲಿ ರಾತ್ರಿ ಪಾಳಿಯ ಯಂತ್ರ ನಡೆಸುತ್ತಿದ್ದವರು. ಕಾಗದದ ಉರುಳೆಗಳನ್ನು ಸಾಗಿಸುವ ಮುರಿದ ಗಾಡಿಯೊಂದರ ಚಕ್ರಗಳನ್ನು ಕೇಳಿ ತಂದು ನನ್ನ ಸೂರಿನ ಕೆಳಗೆ ಕೂರಿಸಿದರು. “ನಾನು ರಾತ್ರಿಯೆಲ್ಲ ನಾಳೆಯ ಸುದ್ದಿ ಅಚ್ಚು ಹಾಕ್ತೀನಿ, ನೀನು ರಾತ್ರಿಯೆಲ್ಲ ಹಳೇ ಸುದ್ದಿ ನೋಡ್ತೀಯಾ” ಎನ್ನುತ್ತಿದ್ದರು. ನಕ್ಷತ್ರದ ಬೆಳಕು ಅಲ್ಲಿಂದ ಹೊರಟು ಎಷ್ಟೋ ವರ್ಷಗಳಾಗಿರುತ್ತವಲ್ಲ, ಅದಕ್ಕೆ. ಮದುವೆಯಾದ ಮೇಲೆ ಗಂಡ ಹೆಂಡತಿ ಇಬ್ಬರೂ ರಾತ್ರಿ ಪಾಳಿ ಮಾಡಿದ ಮನೆ ನಮ್ಮದೊಂದೇ ಇರಬೇಕು. ಸೂರು ಸಿದ್ಧವಾದ ವರ್ಷವೇ ಅವರು ಹೋದರು. ಎರಡು ಪಾಳಿಗಳನ್ನು ಒಟ್ಟಿಗೆ ಮಾಡುತ್ತಿದ್ದಾಗ, ಯಂತ್ರದ ಪಕ್ಕದಲ್ಲೇ.

ಇದನ್ನು ಹೇಳಬೇಕೆಂದು ನಾನು ಸಿದ್ಧವಾಗಿ ಬಂದಿರಲಿಲ್ಲ. ಬಾಯಿಗೆ ಬಂತು. ಇರಲಿ.

ಉಳಿದದ್ದು ನಾವಿಬ್ಬರು. ಅತ್ತೆ ಕೆಳಗೆ, ನಾನು ಮೇಲೆ. ಹಗಲು ಕಾಲೇಜಿನಲ್ಲಿ ಗಣಿತದ ಪಾಠ, ರಾತ್ರಿ ಟೆಲಿಸ್ಕೋಪು. ನಮ್ಮ ನಡುವೆ ಒಂದು ಒಪ್ಪಂದವಿತ್ತು. ಮೆಟ್ಟಿಲ ಬುಡದ ಗೋಡೆಯ ಮೇಲೆ ಗಡಿಯಾರ. ಅದರಲ್ಲಿ ಒಂದು ಗಂಟೆಯಾದ ಕೂಡಲೇ ಅತ್ತೆ ಕೆಳಗಿನಿಂದ ಕೂಗುತ್ತಿದ್ದರು: “ಹೊತ್ತಾಯ್ತು!” ನಾನು ಇಳಿಯಬೇಕು. ಮರುಮಾತಿಲ್ಲ. ಈ ‘ಹೊತ್ತಾಯ್ತು’ ನಮ್ಮ ಮನೆಯ ಸರ್ವರೋಗದ ಮದ್ದು. ಊಟಕ್ಕೆ ಕೂರದಿದ್ದರೆ ಹೊತ್ತಾಯ್ತು, ಕೂತವರು ಏಳದಿದ್ದರೆ ಹೊತ್ತಾಯ್ತು, ಹರಟೆ ಹೊಡೆಯಲು ಬಂದವರು ಹೊರಡದಿದ್ದರೆ ಆಕಳಿಕೆಯೊಂದಿಗೆ ಹೊತ್ತಾಯ್ತು. ಬೀದಿಯ ಮಕ್ಕಳು ಅವರನ್ನು ಹೊತ್ತಾಯ್ತಜ್ಜಿ ಎಂದೇ ಕರೆಯುತ್ತಿದ್ದರು.

ಇನ್ನು ಹುಡುಕುವ ಕೆಲಸ ಹೇಗೆಂದು ಕೇಳಿ. ಆಕಾಶದ ಒಂದೇ ತುಂಡಿನ ಮೂರು ಚಿತ್ರಗಳನ್ನು ಸ್ವಲ್ಪ ಸ್ವಲ್ಪ ಹೊತ್ತು ಬಿಟ್ಟು ತೆಗೆಯಬೇಕು. ಆಮೇಲೆ ಅವನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಚಕಚಕನೆ ತಿರುವಬೇಕು. ನಕ್ಷತ್ರಗಳು ನಿಂತಲ್ಲೇ ನಿಂತಿರುತ್ತವೆ. ಯಾವುದೋ ಒಂದು ಚುಕ್ಕೆ ಮಾತ್ರ ಪಾಠ ನಡೆಯುವಾಗ ಹಿಂದಿನ ಬೆಂಚಿನಿಂದ ಬಾಗಿಲ ಕಡೆ ಸರಿಯುವ ವಿದ್ಯಾರ್ಥಿಯ ಹಾಗೆ ಸರಿಯುತ್ತಿರುತ್ತದೆ. ಅದೇ ನಮ್ಮ ಕ್ಷುದ್ರಗ್ರಹ. ಎಲ್ಲಿತ್ತು, ಯಾವ ಹೊತ್ತಿಗೆ ಅಲ್ಲಿತ್ತು, ಈ ಎರಡನ್ನೂ ಕರಾರುವಾಕ್ಕಾಗಿ ಅಳೆದು ಕಳುಹಿಸಿದರೆ, ತಿಳಿದವರು ಅದರ ಕಕ್ಷೆಯನ್ನು ಲೆಕ್ಕ ಹಾಕುತ್ತಾರೆ. ಜಾಗ ಸರಿಯಿದ್ದು ಹೊತ್ತು ತಪ್ಪಿದರೆ? ಪ್ರಯೋಜನವಿಲ್ಲ. ಬಸ್ ನಿಲ್ದಾಣಕ್ಕೆ ಹೋಗುವ ದಾರಿ ಗೊತ್ತಿದ್ದು ಬಸ್ಸಿನ ವೇಳೆ ಗೊತ್ತಿಲ್ಲದಂತೆ.

ನನ್ನ ಕಂಪ್ಯೂಟರು ಹಳೆಯದು. ಅದರೊಳಗಿನ ಬ್ಯಾಟರಿ ಸತ್ತಿತ್ತು. ಆರಿಸಿದರೆ ಸಾಕು, ವೇಳೆ ಮರೆತುಬಿಡುತ್ತಿತ್ತು. ಆದ್ದರಿಂದ ದಿನಾ ಸಂಜೆ ಮೆಟ್ಟಿಲ ಬುಡದ ಗಡಿಯಾರಕ್ಕೆ, ದಿನಕ್ಕೊಂದು ವೇಳೆ ತೋರಿಸುವ ನನ್ನ ಕೈಗಡಿಯಾರ ಹೊಂದಿಸಿಕೊಂಡು, ಮೇಲೆ ಹೋಗಿ ಅದನ್ನು ಕಂಪ್ಯೂಟರಿಗೆ ಹೇಳಿಕೊಡುತ್ತಿದ್ದೆ. ಗೋಡೆ ಗಡಿಯಾರವನ್ನು ಯಾರು ನಂಬಬೇಕು? ನಾನೇನು ದಡ್ಡಿಯೇ? ಪ್ರತಿ ಭಾನುವಾರ ಬೆಳಿಗ್ಗೆ ರೇಡಿಯೋ ವಾರ್ತೆಗೆ ಮುಂಚೆ ಬರುವ ಪೀಂ ಪೀಂ ಸದ್ದಿಗೆ ಅದನ್ನು ಪರೀಕ್ಷಿಸುತ್ತಿದ್ದೆ. ಯಾವ ಭಾನುವಾರವೂ ಅದು ತಪ್ಪಲಿಲ್ಲ. “ಎಂಥಾ ಗಡಿಯಾರ ಅತ್ತೆ!” ಎಂದು ಹೊಗಳುತ್ತಿದ್ದೆ. “ಹೂಂ ಕಣೇ, ಹಳೇ ಕಾಲದ್ದು” ಎಂದು ಅತ್ತೆ ಒಳಗೆ ಹೋಗಿಬಿಡುತ್ತಿದ್ದರು.

ಒಂದು ಭಾನುವಾರ ತೆಗೆದ ಚಿತ್ರಗಳನ್ನು ಸೋಮವಾರ ಕಾಲೇಜು ಮುಗಿಸಿ ಬಂದು ತಿರುವುತ್ತಿದ್ದೆ. ಒಂದು ಚುಕ್ಕೆ ಸರಿಯಿತು. ಅದುವರೆಗೆ ಯಾರೂ ಕಂಡಿಲ್ಲದ ಚುಕ್ಕೆ. ನಾನು ಮೆಟ್ಟಿಲಿಳಿದು ಓಡಿಬಂದು “ಅತ್ತೆ, ಸಿಕ್ತು!” ಎಂದೆ. “ಕಳೆದಿದ್ದಾದ್ರೂ ಏನು?” ಎಂದರು. ಆ ರಾತ್ರಿ ಮೋಡ, ಮಂಗಳವಾರವೂ ಮೋಡ. ಬುಧವಾರ, ಗುರುವಾರ ಮತ್ತೆ ಹಿಡಿದೆ, ಅಳೆದೆ, ಕಳುಹಿಸಿದೆ. ತಾತ್ಕಾಲಿಕವಾಗಿ ಅಂಕೆ ಅಕ್ಷರಗಳ ಒಂದು ಗುರುತು ಬಂತು. ಅದು ಮತ್ತೆ ನಮಗೆ ಕಾಣುವಂತಾಗುವುದು ಒಂದು ವರ್ಷ ಕಳೆದು ಮತ್ತಷ್ಟು ತಿಂಗಳಾದ ಮೇಲೆ. ಆಗ ಮತ್ತೆ ಕಂಡರೆ, ಹಾಗೆ ಹಲವು ಸಲ ಕಂಡರೆ, ಕಕ್ಷೆ ಗಟ್ಟಿಯಾಗುತ್ತದೆ. ಶಾಶ್ವತ ಸಂಖ್ಯೆ ಸಿಗುತ್ತದೆ. ಕಂಡವರಿಗೆ ಹೆಸರಿಡುವ ಹಕ್ಕು ಬರುತ್ತದೆ. ಕಾಣದೇ ಹೋದರೆ? ಇನ್ಯಾರಿಗೋ ಸಿಗುತ್ತದೆ, ಅಥವಾ ಯಾರಿಗೂ ಸಿಗುವುದಿಲ್ಲ.

ನನಗೆ ಕಾಣಲಿಲ್ಲ.

ಪ್ರೊಫೆಸರರು ಲೆಕ್ಕ ಹಾಕಿ ಕೊಟ್ಟ ಜಾಗದಲ್ಲಿ ಹುಡುಕಿದೆ, ಇರಲಿಲ್ಲ. ಅದರ ಸುತ್ತ ಹುಡುಕಿದೆ, ಇರಲಿಲ್ಲ. ಮುಂದಿನ ಸರದಿಗೂ ಹುಡುಕಿದೆ, ಇರಲಿಲ್ಲ. ಅಷ್ಟು ದೊಡ್ಡ ಬಂಡೆ, ಹೇಳದೆ ಕೇಳದೆ ಎಲ್ಲಿಗೆ ಹೋಯಿತು? ಆಗ ಪ್ರೊಫೆಸರರು ನನ್ನ ಅಳತೆಗಳನ್ನೆಲ್ಲ ಹರಡಿಕೊಂಡು ನೋಡಿ ಫೋನ್ ಮಾಡಿದರು. “ಮೇಡಂ, ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮ ಭಾನುವಾರದ ಅಳತೆಗಳೆಲ್ಲ ಮುತ್ತು. ಮಿಕ್ಕ ವಾರದ್ದೆಲ್ಲ ಹೊಟ್ಟು. ಅದರಲ್ಲೂ ಆ ಬುಧವಾರದ್ದು ಭಾನುವಾರದ್ದರ ಜೊತೆ ಹೊಂದೋದೇ ಇಲ್ಲ. ಕೆಲಸ ಮಾಡಿ ದಣಿದ ಕಣ್ಣು ಹಾಗೇನೇ. ಪಾಠ ಇಟ್ಕೊಳ್ಳಿ, ಇದನ್ನ ಬಿಟ್ಬಿಡಿ.”

ಬಿಟ್ಟೆನೇ? ಕನ್ನಡಿ ತೊಳೆದೆ, ಬಿಡಲಿಲ್ಲ. ತಂತಿ ಬದಲಿಸಿದೆ, ಬಿಡಲಿಲ್ಲ. ಟೆಲಿಸ್ಕೋಪಿನ ಕಾಲಿಗೆ ಸಿಮೆಂಟು ಹಾಕಿಸಿದೆ, ಬಿಡಲಿಲ್ಲ. ಕೊನೆಗೆ ಒಂದು ಬುಧವಾರ ರಜೆ ಹಾಕಿ ಹಗಲೆಲ್ಲ ಮಲಗಿದೆ. ಹೌದು ಪ್ರಾಂಶುಪಾಲರೇ, ಜ್ವರ ಎಂದು ಹೇಳಿದ್ದು ಆ ದಿನವೇ. ಎದ್ದು, ತಾಜಾ ಕಣ್ಣಿನಿಂದ, ಎಲ್ಲರಿಗೂ ಗೊತ್ತಿರುವ ಒಂದು ಹಳೆಯ ಕ್ಷುದ್ರಗ್ರಹವನ್ನು ಅಳೆದೆ. ಹೊಟ್ಟು! ನನಗೆ ಅಷ್ಟು ಸಂತೋಷ ಯಾವ ಸರಿ ಉತ್ತರದಿಂದಲೂ ಆಗಿರಲಿಲ್ಲ. ತಪ್ಪು ಕಣ್ಣಿನದಲ್ಲ; ದಿನದ್ದು. ಆಕಾಶಕ್ಕೆ ಬುಧವಾರ ಭಾನುವಾರ ಎಂಬ ಭೇದವಿಲ್ಲ. ಹಾಗಾದರೆ ಭೇದ ಇರುವುದು ಎಲ್ಲಿ? ನಮ್ಮ ಮನೆಯಲ್ಲಿ. ಭಾನುವಾರ ನಮ್ಮ ಮನೆಯಲ್ಲಿ ವಿಶೇಷವಾಗಿ ನಡೆಯುವುದು ಏನು? ಗಡಿಯಾರದ ಪರೀಕ್ಷೆ.

ಮುಂದಿನ ಭಾನುವಾರ ವಾರ್ತೆಗೆ ಬಹಳ ಮುಂಚೆಯೇ, ಚಪ್ಪಲಿ ಕಳಚಿ, ಬರಿಗಾಲಲ್ಲಿ ಮೆಟ್ಟಿಲಿಳಿದೆ. ಗಡಿಯಾರದ ಕೆಳಗೆ ಸ್ಟೂಲು. ಸ್ಟೂಲಿನ ಮೇಲೆ ನನ್ನ ಅತ್ತೆ. ಅತ್ತೆಯ ಬೆರಳು ಗಡಿಯಾರದ ಮುಳ್ಳಿನ ಮೇಲೆ.

“ಅತ್ತೆ, ಏನು ಮಾಡ್ತಿದ್ದೀರಿ?”

“ಧೂಳು ಒರೆಸ್ತಿದ್ದೀನಿ.”

“ಮುಳ್ಳನ್ನ ಹಿಂದಕ್ಕೆ ತಿರುಗಿಸಿದ್ರೆ ಧೂಳು ಹೋಗುತ್ತಾ?”

ಅತ್ತೆ ಸ್ಟೂಲಿನಿಂದ ಇಳಿಯಲಿಲ್ಲ. ಎತ್ತರದಲ್ಲಿದ್ದರೆ ವಾದಕ್ಕೆ ಬಲವೆಂದು ಅವರಿಗೂ ಗೊತ್ತು, ಅಧ್ಯಕ್ಷರು ಕ್ಷಮಿಸಬೇಕು.

“ಹತ್ತೇ ನಿಮಿಷ ಕಣೇ. ಸೋಮವಾರ ಸಂಜೆ ನೀನು ಊಟಕ್ಕೆ ಕೂತಾಗ ಮುಂದಕ್ಕೆ ತಳ್ತೀನಿ, ಭಾನುವಾರ ನಿನ್ನ ಪೀಂ ಪೀಂ ಬರೋಕೆ ಮುಂಚೆ ಹಿಂದಕ್ಕೆ ಇಡ್ತೀನಿ. ಹತ್ತು ನಿಮಿಷ ಬೇಗ ಇಳಿದು ಮಲಗ್ಲಿ ಅಂತ.”

ನಾನು ಗಣಿತದವಳು. “ಅದೇ ಗಡಿಯಾರ ಬೆಳಿಗ್ಗೆ ಹತ್ತು ನಿಮಿಷ ಮುಂಚೆ ಎಬ್ಬಿಸುತ್ತಲ್ಲ ಅತ್ತೆ. ಲಾಭ ಎಲ್ಲಿ ಬಂತು?”

“ಬೆಳಿಗ್ಗೆ ಎಬ್ಬಿಸೋದು ಗಡಿಯಾರನಾ? ನಾನು. ಅದು ಹೇಳಿದ್ಮೇಲೂ ಹತ್ತು ನಿಮಿಷ ಬಿಟ್ಟೇ ಎಬ್ಬಿಸ್ತಿದ್ದೆ.”

ಸಭಿಕರೇ, ಲೆಕ್ಕ ಸರಿಯಾಗಿತ್ತು! ಎರಡೂ ಕಡೆಯಿಂದ ಪರಿಶೀಲಿಸಿದ ಲೆಕ್ಕ. ಮನೆಯ ಗಡಿಯಾರ ಹಿಂದಿದ್ದರೆ ಬಸ್ಸು ತಪ್ಪಿ ಗುಟ್ಟು ರಟ್ಟಾಗುತ್ತದೆ. ಮುಂದಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ. ಬೇಗ ಬಂದುಬಿಟ್ಟೆವು ಎಂದು ನಮ್ಮ ಬೆನ್ನನ್ನು ನಾವೇ ತಟ್ಟಿಕೊಳ್ಳುತ್ತೇವೆ. ನಾನು ಅಷ್ಟು ವರ್ಷ ಕಾಲೇಜಿಗೆ ಹತ್ತು ನಿಮಿಷ ಮುಂಚೆ ಬರುತ್ತಿದ್ದೆನೆಂದು ಇಲ್ಲಿ ಈಗಷ್ಟೇ ಹೊಗಳಿದರಲ್ಲ, ಆ ಸಮಯಪ್ರಜ್ಞೆ ನನ್ನದಲ್ಲ. ಅತ್ತೆ ಎಷ್ಟು ತಡವಾಗಿ ಎಬ್ಬಿಸಿದರೂ, ಗಡಿಯಾರ ನೋಡಿ ಹೌಹಾರಿ, ತಲೆಯೂ ಬಾಚದೆ ಓಡಿಬಂದ ಫಲ ಅದು.

ಆಮೇಲೆ ಅವರು ಸ್ಟೂಲಿನ ಮೇಲಿಂದಲೇ ಮೆಲ್ಲಗೆ ಹೇಳಿದರು. “ಅವನಿಗೆ ಸಾಕು ಬಾ ಅಂತ ಕೂಗೋಕೆ ಆ ಮುದ್ರಣಾಲಯದ ಮೆಟ್ಟಿಲ ಕೆಳಗೆ ಹೋಗಿ ನಿಲ್ಲೋ ಹಾಗಿರಲಿಲ್ಲ ನಾನು. ನೀನು ನಮ್ಮ ಮಹಡಿ ಮೇಲೇ ಇದ್ದೆಯಲ್ಲ.”

ನೀರು... ಇದೆ, ಇಲ್ಲೇ ಇದೆ. ಧನ್ಯವಾದ.

ಆ ದಿನವೇ ಭಾನುವಾರದ್ದು ಬಿಟ್ಟು ಮಿಕ್ಕ ಅಳತೆಗಳೆಲ್ಲದರಿಂದ ಹತ್ತು ನಿಮಿಷ ಕಳೆದೆ. ಮುಖ್ಯ ಪಟ್ಟಿಯ ಬಂಡೆ ಹತ್ತು ನಿಮಿಷದಲ್ಲಿ ಆಕಾಶದಲ್ಲಿ ಸರಿಯುವುದು ಕೂದಲೆಳೆಯಷ್ಟು. ಆದರೆ ಕೆಲವೇ ದಿನಗಳ ಅಳತೆಯಲ್ಲಿ ಕೂದಲೆಳೆ ತಪ್ಪಿದರೆ, ವರ್ಷ ಕಳೆಯುವಷ್ಟರಲ್ಲಿ ಅದು ಹೆದ್ದಾರಿಯಷ್ಟಾಗಿರುತ್ತದೆ. ಬುಧವಾರ ಭಾನುವಾರಗಳು ಕೈಕುಲುಕಿದವು. ಹೊಸ ಕಕ್ಷೆ, ಹೊಸ ಜಾಗ. ಅದರ ಸರದಿ ಬಂದ ಮೊದಲ ಮೋಡವಿಲ್ಲದ ರಾತ್ರಿಯ ಚಿತ್ರಗಳಲ್ಲಿ ನನ್ನ ಚುಕ್ಕೆ ಹೇಳಿದ ಜಾಗದಲ್ಲೇ, ಏನೂ ಆಗಿಲ್ಲವೆಂಬಂತೆ, ಸರಿಯುತ್ತಿತ್ತು. ಎಲ್ಲಿಗೂ ಹೋಗಿರಲಿಲ್ಲ. ನಾವು ಬೇರೆ ಕಡೆ ನೋಡುತ್ತಿದ್ದೆವು, ಅಷ್ಟೇ.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಆ ಹಗ್ಗವನ್ನು ಎಳೆದೂಬಿಡುತ್ತಿದ್ದೆನೋ ಏನೋ. ಆದರೆ ಪ್ರೊಫೆಸರರು ಅಭಿನಂದಿಸಲೆಂದು ನಮ್ಮ ಮನೆಗೆ ಬಂದರು. ಗಡಿಯಾರದ ಕಥೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅತ್ತೆ ಚಹಾ ತಂದಾಗ ಎದ್ದು ನಿಂತು ಕೈಮುಗಿದು, “ಅಜ್ಜಿ, ಕನ್ನಡಕ ಕಳೆದವರನ್ನ ನೋಡಿದ್ದೀನಿ. ಒಂದು ಗ್ರಹಾನೇ ಕಳೆದವರು ನೀವೇ ಮೊದಲು!” ಎಂದರು. ಎಲ್ಲರೂ ನಕ್ಕೆವು. ಅತ್ತೆಯೂ ನಕ್ಕರು. ಸರ್, ನೀವು ತಲೆ ತಗ್ಗಿಸಬೇಡಿ. ಒಳ್ಳೆಯ ತಮಾಷೆಯೇ ಅದು, ನನಗೆ ಹೊಳೆದಿದ್ದರೆ ನಾನೇ ಹೇಳುತ್ತಿದ್ದೆ.

ಮರುದಿನ ಅತ್ತೆ ಗಡಿಯಾರವನ್ನು ಗೋಡೆಯಿಂದ ಇಳಿಸಿ ನನ್ನ ಮೇಜಿನ ಮೇಲಿಟ್ಟರು. “ಇದನ್ನ ನಿನ್ನ ಕೋಣೆಯಲ್ಲೇ ಇಟ್ಕೋ.” ಆ ರಾತ್ರಿ ಒಂದಾಯಿತು, ಕೂಗು ಬರಲಿಲ್ಲ. ಇನ್ನೂ ಹೊತ್ತಾಯಿತು, ಬರಲಿಲ್ಲ. ನಾನೇ ಇಳಿದು ಬಂದೆ. ಅವರು ಎಚ್ಚರವಾಗಿಯೇ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. “ಕೂಗಲಿಲ್ಲ ಯಾಕೆ ಅತ್ತೆ?” ಎಂದರೆ, “ನಂಗ್ಯಾಕಮ್ಮ ಅದೆಲ್ಲ? ನಿನ್ನ ಹೊತ್ತು ನಿನಗೆ ಗೊತ್ತು” ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ಆ ಮಾತಿಲ್ಲ. ಊಟಕ್ಕಿಲ್ಲ, ನಿದ್ದೆಗಿಲ್ಲ. ಹರಟೆಗೆ ಬಂದವರು ಹೊರಡುವುದೇ ಇಲ್ಲ. ನಾನು ಬೇಕೆಂದೇ ಬೆಳಗಿನವರೆಗೆ ಮೇಲೆ ಕೂತು ನೋಡಿದೆ, ಬೇಕೆಂದೇ ಕೆಮ್ಮಿದೆ, ಎಣ್ಣೆ ಹಾಕಿದ್ದ ಸೂರನ್ನು ಕಿರುಗುಟ್ಟಿಸಲು ಒದ್ದಾಡಿದೆ. ಕೆಳಗಿನಿಂದ ಸದ್ದಿಲ್ಲ. ಚುಕ್ಕೆ ಸಿಕ್ಕಿತು. ಚುಕ್ಕೆಗಾಗಿ ನಿದ್ದೆಗೆಟ್ಟವಳನ್ನು ಕೆಳಗೆ ಕರೆಯುತ್ತಿದ್ದ ಒಂದೇ ಒಂದು ದನಿ ಕಳೆದುಹೋಯಿತು. ಅದನ್ನು ಹುಡುಕಲು ಯಾವ ಟೆಲಿಸ್ಕೋಪು ತರಲಿ ಹೇಳಿ?

ಹೆಸರಿಡುವ ಹಕ್ಕು ಬಂದಾಗ ಸಲಹೆಗಳ ಸುರಿಮಳೆಯಾಯಿತು. ಸಹೋದ್ಯೋಗಿಗಳು ನನ್ನ ಹೆಸರನ್ನೇ ಇಡಿ ಎಂದರು. ಕಂಡವರು ತಮ್ಮ ಹೆಸರನ್ನೇ ಇಡಬಾರದೆಂಬ ನಿಯಮಕ್ಕಿಂತ ಮುಂಚೆ ನಾಚಿಕೆ ಅಡ್ಡಬಂತು. ಕೆಲವರು ಯಜಮಾನರ ಹೆಸರು ಎಂದರು. ಅವರಿದ್ದಿದ್ದರೆ ಅವರೇ ಬೇಡವೆನ್ನುತ್ತಿದ್ದರು. ಅವರಿಗೆ ಬೇಕಾಗಿದ್ದುದು ಹೆಸರಲ್ಲ, ಸರಿಯಾದ ಹೊತ್ತಿಗೆ ಯಾರಾದರೂ ಕೂಗುವುದು. ಆಮೇಲೆ ಅಧ್ಯಕ್ಷರು ನನ್ನನ್ನು ಕೋಣೆಗೆ ಕರೆಸಿ, ತಮ್ಮ ತಂದೆಯವರ ಹೆಸರನ್ನು ಬಹಳ ಪ್ರೀತಿಯಿಂದ ಹೇಳಿದರು. “ಒಂದು ಹೆಸರು ತಾನೇ ಮೇಡಂ?” ಎಂದರು.

ಅಧ್ಯಕ್ಷರೇ, ನಿಮ್ಮ ತಂದೆಯವರು ಕಟ್ಟಿದ ಕಾಲೇಜಿನಲ್ಲೇ ನಾನು ಓದಿದ್ದು, ಇಲ್ಲೇ ಪಾಠ ಹೇಳಿದ್ದು. ಅವರ ಮೇಲೆ ನನಗಿರುವ ಗೌರವ ದೊಡ್ಡದು. ನಿಮ್ಮ ಆಗ್ರಹವೂ ದೊಡ್ಡದು. ಆದರೆ ಆಗ್ರಹಕ್ಕೆ ಕ್ಷುದ್ರಗ್ರಹ ಬಗ್ಗುವುದಿಲ್ಲ. ಒಂದು ಹೆಸರು ತಾನೇ ಎಂದಿರಿ. ಹೌದು, ಒಂದೇ. ಅದಕ್ಕೇ ಕೊಡಲಾಗುವುದಿಲ್ಲ.

ಹೆಸರನ್ನು ನಾನು ಕ್ಷುದ್ರಗ್ರಹಗಳ ಹೆಸರು ಒಪ್ಪುವ ಅಂತರರಾಷ್ಟ್ರೀಯ ಸಮಿತಿಗೆ ಕಳುಹಿಸಿ ಆಗಿದೆ. ಒಂದೇ ಪದವಾಗಿರಬೇಕು, ಚಿಕ್ಕದಾಗಿರಬೇಕು, ಬಾಯಲ್ಲಿ ಸುಲಭವಾಗಿ ಹೊರಳಬೇಕು ಎನ್ನುತ್ತಾರೆ. ಉಚ್ಚಾರ ಹೇಗೆಂದು ಅವರು ಕೇಳಿದರು. ಮೆಟ್ಟಿಲ ಬುಡದಲ್ಲಿ ನಿಂತು ತಲೆಯೆತ್ತಿ ಕೂಗಿದರೆ ಸರಿಯಾಗಿ ಬರುತ್ತದೆ ಎಂದು ಬರೆದೆ. ಹೆಸರಿನ ಜೊತೆಗೆ ಸಣ್ಣ ವಿವರಣೆಯನ್ನೂ ಕೊಡಬೇಕು. ‘ಕೆಲಸದಲ್ಲಿ ಮುಳುಗಿದವರನ್ನು ಮನೆಯವರು ನಿದ್ದೆಗೆ ಕರೆಯುವ ಮಾತು, ಈ ಕ್ಷುದ್ರಗ್ರಹವನ್ನು ಕಂಡವಳನ್ನು ಅವಳ ಅತ್ತೆ ಹೀಗೆ ಕರೆದು ಬದುಕಿಸಿಕೊಂಡರು’ ಎಂದು ಕೊಟ್ಟೆ. ಮೊನ್ನೆ ಅದು ಅಂಗೀಕಾರವಾಗಿ ಪ್ರಕಟವಾಗಿದೆ. ಇನ್ನು ನಾನಾಗಲಿ ನೀವಾಗಲಿ ಬದಲಿಸುವಂತಿಲ್ಲ. ಮಂಗಳಕ್ಕೂ ಗುರುವಿಗೂ ನಡುವೆ ಸುತ್ತುತ್ತಿರುವ ಆ ಬಂಡೆಯ ಹೆಸರು ‘ಹೊತ್ತಾಯ್ತು’.

ಫಲಕ ವ್ಯರ್ಥವಾಗಬೇಕಿಲ್ಲ ಅಧ್ಯಕ್ಷರೇ. ಈ ಕಾಲೇಜಿನ ಮಹಡಿಯ ಮೇಲೆ ಜಾರುವ ಸೂರಿನ ಒಂದು ಕೋಣೆ ಕಟ್ಟಿಸಿಕೊಡಿ. ಈ ಮಕ್ಕಳು ಅಲ್ಲಿ ನಿಂತು ಆಕಾಶ ನೋಡಲಿ. ಅದರ ಬಾಗಿಲ ಮೇಲೆ ತಂದೆಯವರ ಹೆಸರನ್ನು ದೊಡ್ಡ ಅಕ್ಷರದಲ್ಲಿ ಹಾಕೋಣ. ಆ ದಿನ ಬಂದು ಹಗ್ಗ ನಾನೇ ಎಳೆಯುತ್ತೇನೆ. ಸೂರಿಗೆ ಚಕ್ರ ಬೇಕಾದರೆ ಎಲ್ಲಿ ಸಿಗುತ್ತದೆಂದು ನನಗೆ ಗೊತ್ತು.

ಇನ್ನು ಅತ್ತೆ. ಈ ಹೆಸರನ್ನು ನಿಮಗೆ ಮನೆಯಲ್ಲೇ ಹೇಳಬಹುದಿತ್ತು. ಹೇಳಿದ್ದರೆ “ನಂಗ್ಯಾಕಮ್ಮ” ಎಂದು ಗೋಡೆಯ ಕಡೆ ತಿರುಗುತ್ತಿದ್ದಿರಿ. ಇಲ್ಲಿ ತಿರುಗಲು ಗೋಡೆಯಿಲ್ಲ, ಬರೀ ಜನರಿದ್ದಾರೆ, ಅದಕ್ಕೇ ಕರೆತಂದೆ. ನೀವು ಏನನ್ನೂ ಕಳೆದಿಲ್ಲ ಅತ್ತೆ. ನೀವು ಹತ್ತು ನಿಮಿಷ ತಳ್ಳಿರದಿದ್ದರೆ ನನ್ನ ಚುಕ್ಕೆ ಎರಡು ಸರದಿ ಮುಂಚೆಯೇ ಸಿಗುತ್ತಿತ್ತು, ನಿಜ. ಆದರೆ ನೀವು ಕೂಗದಿದ್ದರೆ ಅದನ್ನು ನೋಡಲು ನಾನಿರುತ್ತಿದ್ದೆನೇ? ಗಡಿಯಾರವನ್ನು ಇವತ್ತು ಬೆಳಿಗ್ಗೆ ಮತ್ತೆ ಮೆಟ್ಟಿಲ ಬುಡಕ್ಕೆ ನೇತುಹಾಕಿ ಬಂದಿದ್ದೇನೆ. ಕಂಪ್ಯೂಟರಿಗೆ ಹೊಸ ಬ್ಯಾಟರಿ ಹಾಕಿಸಿದ್ದೇನೆ. ಇನ್ನು ನೀವು ಮುಳ್ಳನ್ನು ಹತ್ತಲ್ಲ, ಇಪ್ಪತ್ತು ನಿಮಿಷ ತಳ್ಳಿದರೂ ಆಕಾಶ ಅಲುಗುವುದಿಲ್ಲ. ನಾನು ಮಾತ್ರ ಅಲುಗುತ್ತೇನೆ; ಕೂಗಿದ ಕೂಡಲೇ ಇಳಿಯುತ್ತೇನೆ. ಇದಕ್ಕಿಂತ ಹೆಚ್ಚಿಗೆ ನನಗೆ...

ಒಂದು ಕ್ಷಣ.

ಸಭಿಕರೇ, ಮುಂದಿನ ಸಾಲಿನ ತುದಿಯಲ್ಲಿ ಒಬ್ಬರು ಎದ್ದು ನಿಂತಿದ್ದಾರೆ. ಬಾಗಿಲ ಕಡೆ ಹೋಗುತ್ತಿಲ್ಲ. ನನ್ನ ಕಡೆಗೆ ನೋಡುತ್ತಾ, ಗಡಿಯಾರವಿಲ್ಲದ ತಮ್ಮ ಮಣಿಕಟ್ಟಿನ ಮೇಲೆ ಬೆರಳಿನಿಂದ ತಟ್ಟಿ ತಟ್ಟಿ ತೋರಿಸುತ್ತಿದ್ದಾರೆ. ಬಾಯಿ ಅಲುಗಿತು. ಅವರ ಬಳಿ ಮೈಕ್ ಇಲ್ಲ. ಹಿಂದೆ ಕೂತವರಿಗೆ ಕೇಳಿಸಿರಲಾರದು.

ನನಗೆ ಕೇಳಿಸಿತು.

ನನ್ನನ್ನು ಸಹಿಸಿಕೊಂಡ ಅಧ್ಯಕ್ಷರಿಗೂ, ನಕ್ಕ ಪ್ರೊಫೆಸರರಿಗೂ, ಬೆವರು ಒರೆಸಿಕೊಳ್ಳುತ್ತಿರುವ ಪ್ರಾಂಶುಪಾಲರಿಗೂ, ನಿಮಗೆಲ್ಲರಿಗೂ ವಂದನೆಗಳು. ಬಂದೆ ಅತ್ತೆ, ಇಳಿದೆ. ನಮಸ್ಕಾರ.